ಪಣದ ಲೆಕ್ಕವೂ ಶ್ರಾವಕನ ಲೆಕ್ಕವೂ

ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಕಾರ್ಯವೂ ಸರಿಯಾಗುವುದೇ? ವ್ಯಾಪಾರವನ್ನೇ ಜೀವನೋಪಾಯವಾಗಿ ಉಳ್ಳ ಶ್ರಾವಕ ಸಮಾಜಕ್ಕೆ ಈ ಪ್ರಶ್ನೆ ಹೊಸದಲ್ಲ. ಜೈನ ಪರಂಪರೆಯು ಗಣಿತವನ್ನು ಎಂದೂ ಅಲ್ಲಗಳೆದಿಲ್ಲ. ಲೋಕದ ವಿಸ್ತಾರವನ್ನೂ ಕಾಲದ ಪ್ರಮಾಣವನ್ನೂ ಕರ್ಮದ ಸ್ಥಿತಿಯನ್ನೂ ಎಣಿಸಿ ಹೇಳಿದ ಪರಂಪರೆ ಇದು. ಆದರೆ ಎಣಿಕೆ ಬಲ್ಲವನಿಗೆ ಒಂದು ಅಪಾಯ ಸದಾ ಕಾದಿರುತ್ತದೆ. ಅಂಕಿಗಳು ತಾಳೆಯಾದೊಡನೆ ಮನಸ್ಸಾಕ್ಷಿಯೂ ತಾಳೆಯಾಯಿತೆಂದು ಅವನು ನಂಬಿಬಿಡುತ್ತಾನೆ. ಇಂದಿನ ವಿದ್ಯಾವಂತ ತರುಣರಲ್ಲಿ ಹಬ್ಬಿರುವ ಪೋಕರ್ ಎಂಬ ಇಸ್ಪೀಟಿನಾಟ ಈ ಅಪಾಯವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಏಕೆಂದರೆ ಅಲ್ಲಿ ಮೂಢನಂಬಿಕೆಗಿಂತ ಶುದ್ಧವಾದ ಗಣಿತವೇ ಜೂಜಿನ ಪರವಾಗಿ ವಕಾಲತ್ತು ವಹಿಸುತ್ತದೆ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಪುತ್ತೂರಿನ ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡುವ ಒಬ್ಬ ಶ್ರಾವಕ. ಸುಳ್ಯ, ಕಡಬಗಳ ತೋಟಗಳಿಂದ ಬರುವ ಚಾಲಿ ಅಡಿಕೆಯನ್ನು ಕೊಂಡು, ಗೋದಾಮಿನಲ್ಲಿ ಕಾಪಿಟ್ಟು, ಉತ್ತರದ ಮಾರುಕಟ್ಟೆಗಳಿಗೆ ಕಳುಹಿಸುವವನು. ಅವನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮಹಾವೀರಸ್ವಾಮಿಯ ನಿರ್ವಾಣ ದಿನವಾದ ದೀಪಾವಳಿಗೆ ಊರಿಗೆ ಬಂದಾಗ, ಹುಡುಗನು ಮೊದಲು ಮೊಬೈಲಿನಲ್ಲಿಯೂ ಆ ಬಳಿಕ ಸಹಪಾಠಿಗಳ ಕೋಣೆಯಲ್ಲಿಯೂ ಹಣ ಕಟ್ಟಿ ಪೋಕರ್ ಆಡುತ್ತಿರುವ ಸಂಗತಿ ಮನೆಯಲ್ಲಿ ತಿಳಿಯುತ್ತದೆ. ತಾಯಿ ಕಣ್ಣೀರಿಡುತ್ತಾಳೆ. ಅಜ್ಜಿ ಸಪ್ತವ್ಯಸನಗಳ ಹೆಸರನ್ನು ಒಂದೊಂದಾಗಿ ಹೇಳಿ, ಅವುಗಳಲ್ಲಿ ದ್ಯೂತವೇ ಮೊದಲನೆಯದೆಂದು ನೆನಪಿಸುತ್ತಾಳೆ. ಮಗ ವಾದಿಸುವುದಿಲ್ಲ, ಸುಳ್ಳನ್ನೂ ಹೇಳುವುದಿಲ್ಲ. ತಂದೆಯ ಮೇಜಿನಿಂದ ಒಂದು ಹಾಳೆಯನ್ನೂ ಪೆನ್ಸಿಲನ್ನೂ ತೆಗೆದುಕೊಂಡು, “ಅಪ್ಪಾ, ನೀವೊಮ್ಮೆ ಈ ಲೆಕ್ಕವನ್ನು ನೋಡಿ. ಅನಂತರ ಬೈಯಿರಿ” ಎನ್ನುತ್ತಾನೆ.

ಆ ಹಾಳೆಯಲ್ಲಿ ಅವನು ಬರೆದು ತೋರಿಸಿದ್ದು ಆಟಗಾರರು ‘ಪಾಟ್ ಆಡ್ಸ್’ ಎಂದು ಕರೆಯುವ ಲೆಕ್ಕ. ಆಟದ ಕ್ರಮ ಹೀಗೆ. ಆಟಗಾರನ ಕೈಯಲ್ಲಿ ಎರಡು ಎಲೆಗಳು ಗುಪ್ತವಾಗಿರುತ್ತವೆ. ಎಲ್ಲರಿಗೂ ಸಮಾನವಾದ ಐದು ಎಲೆಗಳನ್ನು ಮೇಜಿನ ಮೇಲೆ ಹಂತಹಂತವಾಗಿ ತೆರೆಯಲಾಗುತ್ತದೆ. ಈ ಏಳರಲ್ಲಿ ಶ್ರೇಷ್ಠವಾದ ಐದು ಎಲೆಗಳ ಜೋಡಣೆ ಯಾರಲ್ಲಿ ಇದೆಯೋ ಅವನು ನಡುವಿನ ಪಣದ ರಾಶಿಯನ್ನು ಗೆಲ್ಲುತ್ತಾನೆ. ಪ್ರತಿ ಹಂತದಲ್ಲಿಯೂ ಪಣ ಏರಿಸಬಹುದು. ಎದುರಾಳಿ ಏರಿಸಿದಾಗ ಅಷ್ಟೇ ಹಣವನ್ನು ಹಾಕಿ ಆಟದಲ್ಲಿ ಮುಂದುವರಿಯುವುದಕ್ಕೆ ‘ಕಾಲ್’ ಎನ್ನುತ್ತಾರೆ. ಇಲ್ಲವಾದರೆ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯಬೇಕು. ಹಾಕಬೇಕೇ, ಸರಿಯಬೇಕೇ ಎಂಬುದೇ ಪ್ರಶ್ನೆ.

ಮಗನ ಕೈಯಲ್ಲಿ ಎರಡು ಆಟೀನು, ಮೇಜಿನ ಮೇಲೆ ತೆರೆದ ನಾಲ್ಕು ಎಲೆಗಳಲ್ಲಿ ಎರಡು ಆಟೀನು ಇವೆಯೆಂದು ಇಟ್ಟುಕೊಳ್ಳಬಹುದು. ಇನ್ನೊಂದು ಎಲೆ ತೆರೆಯುವುದು ಬಾಕಿ. ಅದೂ ಆಟೀನೇ ಆದರೆ ಒಂದೇ ಗುರುತಿನ ಐದು ಎಲೆಗಳಾಗಿ ಅವನು ಗೆಲ್ಲುತ್ತಾನೆ, ಇಲ್ಲವಾದರೆ ಸೋಲುತ್ತಾನೆ. ಕಟ್ಟಿನಲ್ಲಿರುವ 52 ಎಲೆಗಳಲ್ಲಿ ಅವನು ಕಂಡವು 6, ಕಾಣದವು 46. ಹದಿಮೂರು ಆಟೀನುಗಳಲ್ಲಿ ನಾಲ್ಕು ಕಂಡಿವೆ, ಉಳಿದವು 9. ಆದುದರಿಂದ ಅವನ ಗೆಲುವಿನ ಸಂಭವ 46ರಲ್ಲಿ 9, ಅಂದರೆ ನೂರಕ್ಕೆ ಹತ್ತೊಂಬತ್ತೂವರೆಯಷ್ಟು. ರಾಶಿಯಲ್ಲಿ ಈಗಾಗಲೇ 400 ರೂಪಾಯಿ ಇದೆ. ಎದುರಾಳಿ 100 ಏರಿಸಿದ್ದಾನೆ. ಮಗನು 100 ಹಾಕಿದರೆ ಗೆಲ್ಲಬಹುದಾದುದು 500. ಹಾಕಬೇಕಾದ ನೂರು, ಹಾಕಿದ ಮೇಲಿನ ಒಟ್ಟು ರಾಶಿಯಾದ ಆರುನೂರರಲ್ಲಿ ಆರನೆಯ ಒಂದು ಪಾಲು, ಅಂದರೆ ನೂರಕ್ಕೆ ಹದಿನಾರು ಚಿಲ್ಲರೆ. ಗೆಲುವಿನ ಸಂಭವ ಇದಕ್ಕಿಂತ ಹೆಚ್ಚಿರುವುದರಿಂದ ಹಣ ಹಾಕುವುದೇ ಸರಿ. ಇಂಥದೇ ಸಂದರ್ಭ 46 ಬಾರಿ ಒದಗಿತೆಂದರೆ, ಸರಾಸರಿಯಲ್ಲಿ 37 ಬಾರಿ ನೂರರಂತೆ 3,700 ರೂಪಾಯಿ ಹೋಗುತ್ತದೆ. 9 ಬಾರಿ ಐನೂರರಂತೆ 4,500 ರೂಪಾಯಿ ಬರುತ್ತದೆ. ಮಿಗುವುದು 800. ಒಂದು ಬಾರಿಗೆ ಸುಮಾರು 17 ರೂಪಾಯಿ.

ರಾಶಿಯಲ್ಲಿ ಮೊದಲು 400ರ ಬದಲು 300 ಮಾತ್ರ ಇದ್ದಿದ್ದರೆ ಫಲಿತಾಂಶ ಬೇರೆ. ಆಗ ಗೆಲ್ಲಬಹುದಾದುದು 400. ಒಂಬತ್ತು ಬಾರಿಗೆ 3,600 ಬಂದು, 3,700 ಹೋಗಿ, ನೂರು ರೂಪಾಯಿ ನಷ್ಟ. ಅದೇ ಎಲೆಗಳನ್ನು ಕೆಳಗಿಟ್ಟು ಎದ್ದುಬಿಡಬೇಕು. ಎಲೆಗಳು ಬದಲಾಗದಿದ್ದರೂ ಬೆಲೆ ಬದಲಾದ್ದರಿಂದ ತೀರ್ಮಾನ ಬದಲಾಗುತ್ತದೆ. “ಇದು ಅದೃಷ್ಟವಲ್ಲ ಅಪ್ಪಾ, ದರದ ವಿಚಾರ” ಎಂದು ಮಗ ಹೇಳುತ್ತಾನೆ.

ತಂದೆಗೆ ಈ ಲೆಕ್ಕವನ್ನು ಎರಡನೆಯ ಸಲ ಕೇಳಬೇಕಾಗುವುದಿಲ್ಲ. ದಿನವಿಡೀ ದರದ ಲೆಕ್ಕವನ್ನೇ ಮಾಡುವವನು ಅವನು. ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಿ, ಎಲ್ಲಿಯೂ ತಪ್ಪಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಆಗ ಮಗ ಮೂರು ಮಾತುಗಳನ್ನು ಮುಂದಿಡುತ್ತಾನೆ. ಇದು ಬುದ್ಧಿಯ ಆಟ, ಆದುದರಿಂದ ಜೂಜಲ್ಲ. ನ್ಯಾಯಾಲಯವೂ ಇದನ್ನು ಒಪ್ಪಿದೆ. ಕೊನೆಯದಾಗಿ, “ನೀವು ಚಾಲಿಯನ್ನು ಆರು ತಿಂಗಳು ಗೋದಾಮಿನಲ್ಲಿ ಇಟ್ಟುಕೊಳ್ಳುವುದೂ ಇದೇ ಲೆಕ್ಕವಲ್ಲವೇ?” ಈ ಮೂರನೆಯ ಮಾತಿಗೆ ತಂದೆಯ ಬಳಿ ಕೂಡಲೇ ಉತ್ತರವಿರುವುದಿಲ್ಲ. ಇಂಥ ಮೌನ ಇಂದು ಅನೇಕ ಮನೆಗಳಲ್ಲಿ ಕವಿದಿರಬಹುದು. ಆದುದರಿಂದ ಮೂರೂ ಮಾತುಗಳು ಸಾವಧಾನವಾದ ವಿಚಾರಣೆಗೆ ಯೋಗ್ಯವಾಗಿವೆ.

ಮೊದಲು ನ್ಯಾಯಾಲಯದ ಮಾತು. ಸಂವಿಧಾನವು ರಕ್ಷಿಸುವ ವ್ಯಾಪಾರ ಸ್ವಾತಂತ್ರ್ಯದಲ್ಲಿ ಜೂಜು ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲಿಯೇ ಹೇಳಿತು. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು 1967ರಲ್ಲಿ ಅಭಿಪ್ರಾಯಪಟ್ಟಿತು. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿಯ ಅಗತ್ಯವಿಲ್ಲವೆಂಬ ಅರ್ಥದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ಹೇಳಿದರೆ, ಗುಜರಾತಿನ ಉಚ್ಚ ನ್ಯಾಯಾಲಯ 2017ರಲ್ಲಿ ಅದನ್ನು ಅದೃಷ್ಟದ ಆಟವೆಂದೇ ಪರಿಗಣಿಸಿತು. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅನೂರ್ಜಿತಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಈ ಏರಿಳಿತಗಳಿಂದ ಒಂದು ಅಂಶ ವಿದಿತವಾಗುತ್ತದೆ. ಕಾನೂನು ಸಮಾಜದ ವ್ಯವಸ್ಥೆಗಾಗಿ ಎಳೆದ ಗೆರೆ, ಅದು ಅತ್ತಿತ್ತ ಸರಿಯುತ್ತಿರುತ್ತದೆ. ಶ್ರಾವಕನು ಕಾನೂನನ್ನು ಪಾಲಿಸಲೇಬೇಕು. ಆದರೆ ಅವನ ವ್ರತದ ಅಳತೆಗೋಲು ತೀರ್ಪಿನಿಂದ ತೀರ್ಪಿಗೆ ಬದಲಾಗುವಂಥದಲ್ಲ.

ಎರಡನೆಯದು ಕೌಶಲದ ಮಾತು. ಜೂಜಿನ ದೋಷವೆಲ್ಲ ಅದೃಷ್ಟದಲ್ಲಿಯೇ ಇದೆ, ಆದುದರಿಂದ ಬುದ್ಧಿಯಿಂದ ಅದೃಷ್ಟವನ್ನು ಕಳೆದುಹಾಕಿದರೆ ದೋಷವೂ ಕಳೆಯುತ್ತದೆ ಎಂಬುದು ಈ ವಾದದ ತಿರುಳು. ಇದು ನಿಲ್ಲುವುದೇ ಎಂದು ಪರೀಕ್ಷಿಸಲು ಜೈನರ ಮನೆಯಲ್ಲಿಯೇ ಒಂದು ಉಪಕರಣವಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹವೇ ಅದು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ವಿಧವಾಗಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟ ಗ್ರಂಥವಿದು. 52 ಎಲೆಗಳಲ್ಲಿ ಐದನ್ನು 25,98,960 ವಿಧವಾಗಿ ಆರಿಸಬಹುದೆಂದು ಪೋಕರ್ ಪುಸ್ತಕಗಳು ಹೇಳುವ ಲೆಕ್ಕ ಆ ಸೂತ್ರದಿಂದಲೇ ಬರುತ್ತದೆ. ಯೂರೋಪಿನಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ವಿದ್ವಾಂಸರು ಅರ್ಧಕ್ಕೆ ನಿಂತ ಜೂಜಿನ ಪಣವನ್ನು ಹಂಚುವ ಬಗೆಯನ್ನು ಕುರಿತು ಪತ್ರ ಬರೆದುಕೊಂಡದ್ದು ಇದಕ್ಕಿಂತ ಎಂಟು ಶತಮಾನಗಳ ಬಳಿಕ, 1654ರಲ್ಲಿ.

ಇದೇ ಗಣಿತಸಾರಸಂಗ್ರಹದಲ್ಲಿ ಕೋಳಿ ಕಾಳಗದ ಒಂದು ಲೆಕ್ಕವಿದೆ. ಮಂತ್ರ, ಔಷಧಿ ಬಲ್ಲ ಒಬ್ಬನು ಇಬ್ಬರು ಕೋಳಿಯ ಒಡೆಯರೊಡನೆ ಪ್ರತ್ಯೇಕವಾಗಿ, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನೊಡನೆ, ಒಪ್ಪಂದ ಮಾಡಿಕೊಳ್ಳುತ್ತಾನೆ. ನಿನ್ನ ಕೋಳಿ ಗೆದ್ದರೆ ನಿನ್ನ ಪಣದಷ್ಟು ಹಣವನ್ನು ನನಗೆ ಕೊಡು, ಸೋತರೆ ಅದರ ಮೂರನೆಯ ಎರಡು ಪಾಲನ್ನು ನಾನು ಕೊಡುತ್ತೇನೆಂದು ಮೊದಲನೆಯವನಿಗೆ ಹೇಳುತ್ತಾನೆ. ಎರಡನೆಯವನಿಗೂ ಹಾಗೆಯೇ, ಆದರೆ ಸೋತರೆ ನಾಲ್ಕನೆಯ ಮೂರು ಪಾಲು. ಯಾರು ಗೆದ್ದರೂ ಅವನಿಗೆ ಹನ್ನೆರಡು ಹೊನ್ನು ಲಾಭ. ಹಾಗಾದರೆ ಪಣಗಳೆಷ್ಟು? ಉತ್ತರ 42 ಮತ್ತು 40. ಮೊದಲನೆಯ ಕೋಳಿ ಗೆದ್ದರೆ 42 ಬಂದು, ನಲವತ್ತರ ಮುಕ್ಕಾಲು ಪಾಲು 30 ಹೋಗಿ, 12 ಉಳಿಯುತ್ತದೆ. ಎರಡನೆಯದು ಗೆದ್ದರೆ 40 ಬಂದು, ನಲವತ್ತೆರಡರಲ್ಲಿ ಮೂರನೆಯ ಎರಡು ಪಾಲು 28 ಹೋಗಿ, ಮತ್ತೆ 12 ಉಳಿಯುತ್ತದೆ.

ಈ ಲೆಕ್ಕವನ್ನು ಪುತ್ತೂರು, ಸುಳ್ಯ, ಕಡಬದ ಓದುಗರು ಸುಲಭವಾಗಿ ಕಣ್ಣಿಗೆ ತಂದುಕೊಳ್ಳಬಲ್ಲರು. ಜಾತ್ರೆ ನೇಮಗಳ ಬಳಿಕ, ಊರ ಹೊರಗಿನ ಗುಡ್ಡೆಯಲ್ಲಿ, ಕಾಲಿಗೆ ಬಾಳು ಕಟ್ಟಿದ ಕೋಳಿಗಳ ಅಂಕ ನಡೆಯುವುದು ತುಳುನಾಡಿನಲ್ಲಿ ಹಳೆಯ ಸಂಗತಿ. ಪ್ರಾಣಿಗಳನ್ನು ಕಾದಾಡಲು ಪ್ರಚೋದಿಸುವುದು 1960ರ ಪ್ರಾಣಿಹಿಂಸಾ ನಿಷೇಧ ಕಾಯಿದೆಯಂತೆ ಅಪರಾಧ. ಯಾವ ದಿನ ಯಾವ ಬಣ್ಣದ ಕೋಳಿಗೆ ಜಯ ಎಂದು ಹೇಳುವ ಕುಕ್ಕುಟ ಪಂಚಾಂಗವೂ ಇಲ್ಲಿ ಬಳಕೆಯಲ್ಲಿದೆ. ಅಲ್ಲಿ ಪಣ ಕಟ್ಟುವವನಿಗೆ ಪಂಚಾಂಗದ ನಂಬಿಕೆ, ಪೋಕರ್ ಆಡುವವನಿಗೆ ಸಂಭವದ ಗಣಿತ. ಆದರೆ ಆಚಾರ್ಯರ ಲೆಕ್ಕದೊಳಗಿನ ಮನುಷ್ಯ ಇಬ್ಬರನ್ನೂ ಮೀರಿಸಿದವನು. ಅವನಿಗೆ ಅದೃಷ್ಟದ ಹಂಗೇ ಇಲ್ಲ. ಸೋಲು ಅವನ ಪಾಲಿಗೆ ಸಾಧ್ಯವೇ ಇಲ್ಲ. ಕೌಶಲ ಪರಿಪೂರ್ಣ, ಗಣಿತ ನಿರ್ದುಷ್ಟ. ಆದರೂ ಯಾವ ಶ್ರಾವಕನಾದರೂ ಆ ಹನ್ನೆರಡು ಹೊನ್ನನ್ನು ನಿರ್ದೋಷವಾದ ಸಂಪಾದನೆ ಎಂದಾನೇ? ಎರಡು ಜೀವಗಳು ಕಾದಾಡಿ ಒಂದು ಸಾಯುವುದರಿಂದ, ಇಬ್ಬರು ಒಡೆಯರನ್ನು ಕತ್ತಲೆಯಲ್ಲಿ ಇಟ್ಟದ್ದರಿಂದ, ಆ ಲಾಭ ಹುಟ್ಟಿತು. ಆಚಾರ್ಯರು ಕೇಳಿದ್ದು ಪಣವೆಷ್ಟು ಎಂಬುದನ್ನು ಮಾತ್ರ. ಗಣಿತಕ್ಕೆ ಅಷ್ಟೇ ಅಧಿಕಾರ. ಆ ಕಾರ್ಯ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಶ್ರಾವಕಾಚಾರದ ಗ್ರಂಥಗಳಲ್ಲಿದೆ, ಗಣಿತದ ಗ್ರಂಥದಲ್ಲಿಲ್ಲ. ಅದೃಷ್ಟವನ್ನು ಪೂರ್ಣವಾಗಿ ತೆಗೆದುಹಾಕಿದ ಮೇಲೆಯೂ ದೋಷ ಉಳಿಯಿತು. ಆದುದರಿಂದ ಜೂಜಿನ ದೋಷದ ಮೂಲ ಅದೃಷ್ಟದಲ್ಲಿಲ್ಲ, ಬೇರೆಲ್ಲಿಯೋ ಇದೆ.

ಅದು ಎಲ್ಲಿದೆ ಎಂಬುದನ್ನು ಮಗನ ಹಾಳೆಯೇ ತೋರಿಸುತ್ತದೆ. ಒಂದು ಬಾರಿಗೆ ಹದಿನೇಳು ರೂಪಾಯಿ ಲಾಭ ಎಂದು ಅವನು ಬರೆದನು. ಆ ಹದಿನೇಳು ಯಾರದು? ಮೇಜಿನ ಮೇಲೆ ಹೊಸದಾಗಿ ಏನೂ ಬೆಳೆಯಲಿಲ್ಲ, ಏನೂ ಸಿದ್ಧವಾಗಲಿಲ್ಲ, ಯಾರ ಹಸಿವೂ ಅಡಗಲಿಲ್ಲ. ಒಬ್ಬನ ಕಿಸೆಗೆ ಬಂದುದು ಇನ್ನೊಬ್ಬನ ಕಿಸೆಯಿಂದ ಹೋದುದೇ. ಆಟ ನಡೆಸುವ ಸಂಸ್ಥೆ ರಾಶಿಯಿಂದ ತನ್ನ ಪಾಲನ್ನು ತೆಗೆದುಕೊಳ್ಳುವಲ್ಲಿ, ಅದು ನೂರಕ್ಕೆ ಐದರಂತೆ ಎಂದಿಟ್ಟುಕೊಂಡರೆ, ಆರುನೂರರ ರಾಶಿಯಲ್ಲಿ ಮೂವತ್ತು ರೂಪಾಯಿ ಮೊದಲೇ ಹೋಗುತ್ತದೆ. ಆಗ ಮೇಜಿನ ಸುತ್ತ ಕುಳಿತವರೆಲ್ಲ ಸೇರಿ ತಂದ ಹಣಕ್ಕಿಂತ ಅವರೆಲ್ಲ ಸೇರಿ ಒಯ್ಯುವ ಹಣ ಕಡಿಮೆ. ಅಷ್ಟೇ ಅಲ್ಲ. ಎಲ್ಲರೂ ಸಮಾನವಾಗಿ ಗಣಿತ ಬಲ್ಲವರಾಗಿದ್ದರೆ ದೀರ್ಘಕಾಲದಲ್ಲಿ ಯಾರಿಗೂ ಲಾಭವಿಲ್ಲ. ಒಬ್ಬನು ಲಾಭ ಪಡೆಯಬೇಕಾದರೆ ಇನ್ನೊಬ್ಬನು ಲೆಕ್ಕ ತಪ್ಪಲೇಬೇಕು, ದಣಿದಿರಬೇಕು, ಕುಡಿದಿರಬೇಕು, ಇಲ್ಲವೇ ಕಳೆದುಕೊಂಡುದನ್ನು ಮರಳಿ ಪಡೆಯುವ ಹಠದಲ್ಲಿ ವಿವೇಕಗೆಟ್ಟಿರಬೇಕು. ಕುಶಲನಾದ ಆಟಗಾರ ಇಂಥವರನ್ನು ಹುಡುಕಿಕೊಂಡು ಹೋಗಿ ಅವರ ಮೇಜಿನಲ್ಲಿಯೇ ಕುಳಿತುಕೊಳ್ಳುತ್ತಾನೆ. ಕೌಶಲ ಹೆಚ್ಚಿದಷ್ಟೂ ಈ ಹುಡುಕಾಟವೂ ಹರಿತವಾಗುತ್ತದೆ. ಹೀಗೆ ಬುದ್ಧಿಯ ಆಟವೆಂಬ ಸಮರ್ಥನೆಯೇ ಆರೋಪವಾಗಿ ತಿರುಗುತ್ತದೆ.

ಶ್ರಾವಕಾಚಾರದಲ್ಲಿ ಇದಕ್ಕೆ ನಿಶ್ಚಿತವಾದ ಸ್ಥಾನವಿದೆ. ಗೃಹಸ್ಥನ ಮೂರು ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಪ್ರಯೋಜನವಿಲ್ಲದೆ ಪಾಪವನ್ನು ತಂದುಕೊಳ್ಳುವ ಕಾರ್ಯಗಳಿಂದ ದೂರವಿರುವುದೇ ಅದರ ಅರ್ಥ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡ ಐದು ಬಗೆ. ಅಮೃತಚಂದ್ರಾಚಾರ್ಯರು ತಮ್ಮ ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತದ ನಿಷೇಧವನ್ನು ಈ ವ್ರತದ ಪ್ರಕರಣದಲ್ಲಿಯೇ ಇರಿಸಿರುವುದು ಗಮನಾರ್ಹ. ಅಲ್ಲಿಯೇ ಅಪಧ್ಯಾನವನ್ನು ವಿವರಿಸುವಾಗ, ಮನಸ್ಸಿನಲ್ಲಿಯೂ ಚಿಂತಿಸಬಾರದ ವಿಷಯಗಳ ಸಾಲಿನಲ್ಲಿ ಬೇಟೆ, ಯುದ್ಧ, ಕಳ್ಳತನಗಳ ಜೊತೆಗೆ ಜಯ ಮತ್ತು ಪರಾಜಯಗಳನ್ನೂ ಅವರು ಸೇರಿಸಿದ್ದಾರೆ. ಪಣದ ಮೇಜಿನ ಮುಂದೆ ಕುಳಿತವನು ಬೇರೇನನ್ನು ಚಿಂತಿಸಬಲ್ಲ? ಎದುರಿನವನ ಎಲೆ ಕೆಡಲಿ, ಅವನು ತಪ್ಪಲಿ, ಅವನು ಇನ್ನಷ್ಟು ಹಾಕಲಿ ಎಂದು ಗಂಟೆಗಟ್ಟಲೆ ಹಾರೈಸುತ್ತಿರುತ್ತಾನೆ. ಎದುರಿನವನು ಅವನ ಗೆಳೆಯನೇ, ಒಂದೇ ತಟ್ಟೆಯಲ್ಲಿ ಉಂಡವನೇ ಆಗಿರಬಹುದು.

ಹಾಗೆಂದು ಪಾಟ್ ಆಡ್ಸ್ ಲೆಕ್ಕದಲ್ಲಿ ಕಲಿಯತಕ್ಕದ್ದು ಏನೂ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ಯಾವ ವಸ್ತುವನ್ನೂ ಒಂದೇ ಮುಖದಿಂದ ನೋಡಬಾರದೆಂಬುದು ಅನೇಕಾಂತದ ಶಿಕ್ಷಣ. ಈ ಲೆಕ್ಕದಲ್ಲಿ ಎರಡು ಸತ್ಯಗಳಿವೆ. ಮೊದಲನೆಯದು, ರಾಶಿಗೆ ಒಮ್ಮೆ ಹಾಕಿದ ಹಣ ಹಾಕಿದವನದಲ್ಲ. ‘ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ’ ಎಂಬ ಮಮತೆಯಿಂದಲೇ ಹೆಚ್ಚಿನವರು ಮುಳುಗುತ್ತಾರೆ. ಹಿಂದೆ ಹೋದುದನ್ನು ಲೆಕ್ಕಕ್ಕೆ ತರದೆ, ಈಗ ಕೊಡಬೇಕಾದುದನ್ನೂ ಮುಂದೆ ಸಿಗಬಹುದಾದುದನ್ನೂ ಮಾತ್ರ ತೂಗಬೇಕೆಂದು ಈ ಲೆಕ್ಕ ಕಲಿಸುತ್ತದೆ. ನನ್ನದು ಎಂಬ ಮೂರ್ಛೆಯೇ ಪರಿಗ್ರಹ ಎಂದು ಬಲ್ಲ ಜೈನರಿಗೆ ಇದು ಅಪರಿಚಿತವಾದ ಪಾಠವಲ್ಲ. ಆದರೆ ಆಟಗಾರ ಈ ಪಾಠವನ್ನು ಅರ್ಧ ಮಾತ್ರ ಕಲಿಯುತ್ತಾನೆ. ಹಾಕಿದ ಹಣ ನನ್ನದಲ್ಲ ಎಂದು ಒಪ್ಪಿಕೊಂಡವನು, ರಾಶಿಯಲ್ಲಿರುವ ಪರರ ಹಣ ನನ್ನದಾಗಲಿ ಎಂದು ಬಯಸುತ್ತಾನೆ. ಜೈನ ಪರಂಪರೆಯಲ್ಲಿ ದ್ಯೂತ ವ್ಯಸನಕ್ಕೆ ಉದಾಹರಣೆಯಾಗಿ ಹೇಳಲಾಗುವ ಯುಧಿಷ್ಠಿರನ ಪತನವೂ ಹೀಗೆಯೇ. ಕಳೆದುದನ್ನು ಕಳೆದುದೆಂದು ಬಿಡಲಾರದೆ ಅವನು ರಾಜ್ಯದಿಂದ ತಮ್ಮಂದಿರಿಗೆ, ತಮ್ಮಂದಿರಿಂದ ತನಗೆ, ತನ್ನಿಂದ ದ್ರೌಪದಿಗೆ ಇಳಿದನು.

ಎರಡನೆಯ ಸತ್ಯ ಇನ್ನೂ ಸೂಕ್ಷ್ಮವಾದುದು. ತೀರ್ಮಾನವನ್ನು ಅದರ ಫಲದಿಂದ ಅಳೆಯಬಾರದು ಎಂದು ಪೋಕರ್ ಬಲ್ಲವರು ಹೇಳುತ್ತಾರೆ. ದರಕ್ಕೆ ಸರಿಯಾಗಿ ಹಣ ಹಾಕಿ ಸೋತರೂ ಹಾಕಿದ್ದು ಸರಿಯೇ, ದರ ಮೀರಿ ಹಾಕಿ ಗೆದ್ದರೂ ಹಾಕಿದ್ದು ತಪ್ಪೇ. ಇದು ನಿಜ. ಆದರೆ ಕನ್ನಡದ ಜೈನ ಕವಿ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಕೇಳಿ ಬೆಳೆದ ಮನೆಗಳಿಗೆ ಇದರ ಪೂರ್ಣಾರ್ಥ ಗೊತ್ತಿದೆ. ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ರಕ್ತ ಸುರಿಯಲಿಲ್ಲ. ಫಲವನ್ನಷ್ಟೇ ನೋಡುವವನಿಗೆ ಅಲ್ಲಿ ಹಿಂಸೆ ಇಲ್ಲವೇ ಇಲ್ಲ. ಆದರೆ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೇ ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ತಿರುಗಿಸಿತು. ಫಲವನ್ನು ಬಿಟ್ಟು ತೀರ್ಮಾನವನ್ನೇ ಅಳೆಯಬೇಕೆಂದು ಒಪ್ಪಿಕೊಂಡವನು ಒಂದು ಹೆಜ್ಜೆ ಮುಂದೆ ಹೋಗಿ, ಆ ತೀರ್ಮಾನದ ಹಿಂದಿನ ಭಾವವನ್ನೂ ಅಳೆಯಬೇಕಾಗುತ್ತದೆ. ಗೆದ್ದ ರಾತ್ರಿಯೂ ಸೋತ ರಾತ್ರಿಯೂ ಭಾವ ಒಂದೇ ಆಗಿದ್ದರೆ ಕರ್ಮಬಂಧವೂ ಒಂದೇ. ಸೋತೆನಲ್ಲಾ, ಯಾರಿಗೂ ಕೇಡು ಮಾಡಲಿಲ್ಲ ಎನ್ನುವುದಕ್ಕೂ ಆಸ್ಪದವಿಲ್ಲ; ಗೆದ್ದುದನ್ನು ದಾನ ಮಾಡಿದೆನಲ್ಲಾ ಎನ್ನುವುದಕ್ಕೂ ಇಲ್ಲ.

ಈಗ ತಂದೆಯನ್ನು ಮೌನಗೊಳಿಸಿದ ಮೂರನೆಯ ಮಾತು. ಚಾಲಿಯನ್ನು ಕಿಲೋಗೆ 400 ರೂಪಾಯಿಯಂತೆ ಕೊಂಡು ಆರು ತಿಂಗಳು ಇಟ್ಟುಕೊಳ್ಳುವ ವ್ಯಾಪಾರಿಯ ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಯಂತೆ ಆರು ತಿಂಗಳಿಗೆ 24 ರೂಪಾಯಿ. ತೂಕ ಇಳಿಯುವುದು, ಗೋದಾಮಿನ ಬಾಡಿಗೆ ಸೇರಿ 8. ಒಟ್ಟು 32. ಬೆಲೆ 480ಕ್ಕೆ ಏರಿದರೆ 80 ಹೆಚ್ಚು ಸಿಗುತ್ತದೆ, ಏರದಿದ್ದರೆ 32 ಹೋಗುತ್ತದೆ. ಏರುವ ಸಂಭವ ನೂರಕ್ಕೆ ನಲವತ್ತಕ್ಕಿಂತ ಹೆಚ್ಚಿದ್ದರೆ ಇಟ್ಟುಕೊಳ್ಳುವುದು ಸರಿ. ಹುಡುಗ ಹೇಳಿದ್ದು ನಿಜ, ಗಣಿತ ಒಂದೇ.

ಆದರೆ ಗಣಿತ ಒಂದೇ ಆದ ಮಾತ್ರಕ್ಕೆ ಕಾರ್ಯ ಒಂದೇ ಆಗುವುದಿಲ್ಲವೆಂದು ಆಚಾರ್ಯರ ಕೋಳಿಯ ಲೆಕ್ಕ ಆಗಲೇ ತೋರಿಸಿದೆ. ಪೋಕರಿನ ಮೇಜಿನಿಂದ ಹಣವನ್ನು ತೆಗೆದುಹಾಕಿದರೆ ಉಳಿಯುವುದು ಕಾಗದದ ಎಲೆಗಳು. ಅಡಿಕೆಯ ವ್ಯಾಪಾರದಿಂದ ವ್ಯಾಪಾರಿಯ ಲಾಭನಷ್ಟವನ್ನು ತೆಗೆದು ನೋಡಿದರೂ ಉಳಿಯುವ ಕೆಲಸವಿದೆ. ಕೊಯ್ಲಿನ ಕಾಲದಲ್ಲಿ ಬೆಳೆಗಾರನ ಕೈಗೆ ಹಣ ಸೇರಿತು. ಕೊಯ್ಲಿಲ್ಲದ ತಿಂಗಳುಗಳಲ್ಲಿ ದೂರದ ಕೊಳ್ಳುವವನಿಗೆ ಸರಕು ದೊರೆಯಿತು. ವ್ಯಾಪಾರಿ ಕಾಲದ ಭಾರವನ್ನು ಹೊತ್ತನು, ಅದಕ್ಕೆ ಪ್ರತಿಫಲ ಪಡೆದನು. ಅವನು ಲಾಭ ಪಡೆಯಲು ಬೆಳೆಗಾರ ಸೋಲಬೇಕಾಗಿಲ್ಲ. (ಅಡಿಕೆ ಜಗಿಯುವುದರಿಂದ ದೇಹಕ್ಕಾಗುವ ಹಾನಿಯ ಪ್ರಶ್ನೆ ಬೇರೆ. ಅದೂ ಶ್ರಾವಕನು ತಪ್ಪಿಸಿಕೊಳ್ಳಬಾರದ ಪ್ರಶ್ನೆಯೇ.) ವ್ಯಾಪಾರಕ್ಕೂ ಜೂಜಿಗೂ ಇರುವ ಗೆರೆ ಇದು. ಎರಡರಲ್ಲಿಯೂ ಅನಿಶ್ಚಿತತೆ ಇದೆ. ಒಂದರಲ್ಲಿ ಅದು ಕೆಲಸದ ಜೊತೆಗೆ ಬಂದುದು, ಇನ್ನೊಂದರಲ್ಲಿ ಅದನ್ನೇ ಕರೆದು ಕೂರಿಸಿಕೊಂಡುದು.

ಇಷ್ಟು ಹೇಳಿ ತಂದೆ ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಅದೇ ಗೆರೆ ಅವನ ಅಂಗಡಿಯ ಒಳಗೂ ಹಾದುಹೋಗುತ್ತದೆ. ಮಳೆಗಾಲದಲ್ಲಿ ಕೊಳೆರೋಗ ಬಂದು ಫಸಲು ಉದುರಿ, ಬೋರ್ಡೋ ದ್ರಾವಣ ಸಿಂಪಡಿಸಿದ ಸಾಲ ತಲೆಯ ಮೇಲಿರುವ ಬೆಳೆಗಾರ, ಮಗಳ ಮದುವೆಯ ಮುನ್ನಾ ವಾರ ನಾಲ್ಕು ಮೂಟೆ ಅಡಿಕೆ ತರುತ್ತಾನೆ. ಅವನು ಇಂದು ಮಾರಲೇಬೇಕೆಂಬುದು ವ್ಯಾಪಾರಿಗೆ ತಿಳಿದಿದೆ. ಆ ಅವಸರವನ್ನು ಓದಿಕೊಂಡು ದರವನ್ನು ಇಳಿಸಿದವನು ಎದುರಾಳಿಯ ಮುಖ ನೋಡಿ ಪಣ ಏರಿಸಿದವನಿಗಿಂತ ಹೇಗೆ ಬೇರೆ? 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಸೇರಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡದ್ದು ಬೆಲೆಯ ಕುಸಿತದಲ್ಲಿ ತಮಗೊಂದು ಆಸರೆ ಬೇಕೆಂದೇ. ಆ ಆಸರೆಯ ಅಗತ್ಯ ಬಿದ್ದದ್ದು ಏಕೆಂದು ವರ್ತಕ ಸಮಾಜ ತನ್ನನ್ನು ತಾನೇ ಕೇಳಿಕೊಂಡರೆ ಕೀಳಾಗುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಸುಳ್ಯದ ತೋಟಗಳಲ್ಲಿ ಹಳದಿ ಎಲೆ ರೋಗ ಹಬ್ಬುತ್ತಿರುವ ಸುದ್ದಿ ಕೇಳಿ, ಇನ್ನು ಬೆಲೆ ಏರುತ್ತದೆಂದು ಗೋದಾಮಿನ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡು ಒಳಗೊಳಗೇ ಹಿಗ್ಗಿದ ವ್ಯಾಪಾರಿ, ಒಂದು ಎಲೆಯನ್ನೂ ಮುಟ್ಟದೆ ಮೇಜಿನ ಮುಂದೆ ಕುಳಿತಂತೆಯೇ. ಅವನು ರೋಗವನ್ನು ತರಲಿಲ್ಲ. ಯಶೋಧರನೂ ಜೀವವಿದ್ದ ಕೋಳಿಯನ್ನು ಕಡಿಯಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಚಾರ ಸಂಬಂಧಿಸಿದೆ. ಜೀರ್ಣೋದ್ಧಾರಕ್ಕೋ ಉತ್ಸವಕ್ಕೋ ಹಣ ಕೂಡಿಸಲು ಅದೃಷ್ಟ ಚೀಟಿ ಮಾರಿದರೇನು ಎಂಬ ಸಲಹೆ ಯಾವ ಸಭೆಯಲ್ಲಾದರೂ ಬರಬಹುದು. ನೂರು ರೂಪಾಯಿಯ ಐದು ಸಾವಿರ ಚೀಟಿಗಳು, ಒಂದು ಲಕ್ಷದ ಬಹುಮಾನ ಎಂದಿಟ್ಟುಕೊಂಡರೆ, ಪಾಟ್ ಆಡ್ಸ್ ಲೆಕ್ಕದಂತೆ ಒಂದು ಚೀಟಿಯ ನಿಜವಾದ ಬೆಲೆ 20 ರೂಪಾಯಿ. ಉಳಿದ 80 ರೂಪಾಯಿ ದಾನವಲ್ಲವೇ ಎಂದು ಕೇಳಬಹುದು. ದಾನವೇ ಆಗಿದ್ದರೆ ಬಹುಮಾನದ ಆಸೆ ಏಕೆ ಬೇಕಾಯಿತು? ನೂರು ರೂಪಾಯಿ ಕೊಡಬಲ್ಲವನ ತ್ಯಾಗಭಾವವನ್ನು ತೆಗೆದು, ಅಲ್ಲಿ ಲೋಭವನ್ನು ಇರಿಸಿ, ಬಸದಿಯು ಅವನಿಂದ ಹಣ ಪಡೆಯಿತು. ಗೋಡೆ ಗಟ್ಟಿಯಾಯಿತು, ಆದರೆ ಗೋಡೆ ಯಾವುದಕ್ಕಾಗಿ ಇದೆಯೋ ಅದು ಸಡಿಲವಾಯಿತು. ಪಂಡಿತ ಆಶಾಧರರು ಗೃಹಸ್ಥಧರ್ಮಕ್ಕೆ ಅರ್ಹನಾದವನ ಲಕ್ಷಣಗಳನ್ನು ಹೇಳುವಾಗ ಮೊತ್ತಮೊದಲು ಇಟ್ಟದ್ದು ನ್ಯಾಯದಿಂದ ಬಂದ ಧನವನ್ನು. ಮನೆಗೆ ಸಲ್ಲುವ ಈ ಮಾತು ಬಸದಿಯ ಹುಂಡಿಗೆ ಹೆಚ್ಚಾಗಿ ಸಲ್ಲಬೇಕು.

ಹಾಗಾದರೆ ದೀಪಾವಳಿಯ ಆ ರಾತ್ರಿ ತಂದೆ ಏನು ಹೇಳಬೇಕು? ಲೆಕ್ಕ ತಪ್ಪು ಎಂದು ಹೇಳಿದರೆ ಸುಳ್ಳಾಗುತ್ತದೆ, ಮಗ ಅದನ್ನು ಕೂಡಲೇ ಕಂಡುಹಿಡಿಯುತ್ತಾನೆ. ಹಿರಿಯರು ಬೇಡವೆಂದಿದ್ದಾರೆ ಎಂದಷ್ಟೇ ಹೇಳಿದರೆ ಅವನು ಎದುರಾಡದಿರಬಹುದು, ಒಪ್ಪಿಕೊಳ್ಳುವುದಿಲ್ಲ. ತಂದೆ ಆ ಹಾಳೆಯನ್ನು ಹರಿದುಹಾಕಬೇಕಾಗಿಲ್ಲ. ಕೆಳಗೆ ಒಂದು ಸಾಲನ್ನು ಸೇರಿಸಿ ಹಿಂದಕ್ಕೆ ಕೊಟ್ಟರೆ ಸಾಕು: ‘ಈ ಹದಿನೇಳು ರೂಪಾಯಿ ಯಾರದು? ಅದು ಬರಬೇಕಾದರೆ ಆತನಿಗೆ ಏನಾಗಬೇಕೆಂದು ನೀನು ಬಯಸಬೇಕು?’ ಗಣಿತ ಬಲ್ಲ ಹುಡುಗ ಈ ಪ್ರಶ್ನೆಯನ್ನು ಬಿಡಿಸಬಲ್ಲ.

ಮಗ ಮಲಗಿದ ಮೇಲೆ ತಂದೆ ತನ್ನ ಅಂಗಡಿಯ ಖರೀದಿ ಪುಸ್ತಕವನ್ನು ತೆರೆದು, ಕಳೆದ ವರ್ಷ ಅವಸರದಲ್ಲಿದ್ದವರಿಂದ ಕೊಂಡ ಸಾಲುಗಳ ಎದುರಿಗೆ ಅದೇ ಪ್ರಶ್ನೆಯನ್ನು ಬರೆಯಬೇಕಾಗುತ್ತದೆ. ಕೆಲವು ಕಡೆ ದರದ ವ್ಯತ್ಯಾಸವನ್ನು ಹಿಂದಿರುಗಿಸಲು ಇನ್ನೂ ಕಾಲ ಮಿಂಚಿರಲಾರದು. ಮಗನಿಗೆ ಹೇಳುವ ಅಧಿಕಾರ ತಂದೆಗೆ ಬರುವುದು ಆ ಪುಸ್ತಕವನ್ನು ಮುಚ್ಚಿದ ಮೇಲೆಯೇ.